ಮಾಡದೆ ಉಳಿದ ಶುಶ್ರೂಷೆಯ ಲೆಕ್ಕ

ಬಿಕಾಂ ಓದುವಾಗ ನಮ್ಮ ಮೇಷ್ಟ್ರು ಒಂದು ಮಾತು ಹೇಳುತ್ತಿದ್ದರು. ಒಂದು ವ್ಯವಹಾರವನ್ನು ಪುಸ್ತಕದಲ್ಲಿ ಬರೆಯಲೇ ಇಲ್ಲ ಅಂದರೂ ಟ್ರಯಲ್ ಬ್ಯಾಲೆನ್ಸ್ ಸರಿಯಾಗಿಯೇ ಟ್ಯಾಲಿ ಆಗುತ್ತದೆ, ತಪ್ಪು ಒಳಗೇ ಉಳಿದಿರುತ್ತದೆ ಅಂತ. ಆ ಪಾಠ ನನಗೆ ಮತ್ತೆ ನೆನಪಾದದ್ದು ಇಲ್ಲೇ ಮುಂಬಯಿಯ ಒಂದು ಆಸ್ಪತ್ರೆಯಲ್ಲಿ. ಸೊಂಟದ ಮೂಳೆ ಮುರಿದು ಅಮ್ಮ ಮಲಗಿದ್ದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದ್ದಾಗಿ ಚಾರ್ಟಿನ ತುಂಬ ಟಿಕ್ ಮಾರ್ಕು. ಹನ್ನೆರಡನೇ ದಿನ ನನ್ನ ಹೆಂಡತಿ ಬಟ್ಟೆ ಬದಲಿಸುವಾಗ ನೋಡಿದರೆ ಬೆನ್ನ ಕೆಳಗೆ ಅಂಗೈಯಗಲದ ಹುಣ್ಣು! ರಾತ್ರಿ ಪಾಳಿಯ ನರ್ಸನ್ನು ಬೈಯಲು ಹೋದವನು, ಇಡೀ ವಾರ್ಡಿಗೆ ಅವಳೊಬ್ಬಳೇ ಎಂದು ತಿಳಿದು ಸುಮ್ಮನೆ ವಾಪಸು ಬಂದೆ. ಆ ಹುಣ್ಣು ಮಾಯಲು ಮೂರು ತಿಂಗಳು ಹಿಡಿಯಿತು.

ಆಮೇಲೆ ಈ ವಿಷಯದ ಬಗ್ಗೆ ಹುಡುಕಿ ಓದಿದೆ. ಇದು ಹಳೇ ಕಥೆಯೇ. ಕ್ರಿಮಿಯಾ ಯುದ್ಧದ ಗಾಯಾಳುಗಳ ಆರೈಕೆಗೆಂದು 1854ರಲ್ಲಿ ಟರ್ಕಿಯ ಸ್ಕುಟಾರಿಗೆ ಹೋಗಿದ್ದ ಫ್ಲಾರೆನ್ಸ್ ನೈಟಿಂಗೇಲ್, ಊರಿಗೆ ಮರಳಿದ ಮೇಲೆ 'ನೋಟ್ಸ್ ಆನ್ ನರ್ಸಿಂಗ್' ಬರೆದರು. ಹಾಸಿಗೆ ಹುಣ್ಣು ಸಾಮಾನ್ಯವಾಗಿ ರೋಗದ ತಪ್ಪಲ್ಲ, ಶುಶ್ರೂಷೆಯ ತಪ್ಪು ಎಂಬುದು ಅವರ ಅಭಿಪ್ರಾಯ. ತಾನಿಲ್ಲದಾಗಲೂ ಕೆಲಸ ನಡೆಯುವಂತೆ ಏರ್ಪಾಡು ಮಾಡುವುದೂ ಶುಶ್ರೂಷೆಯೇ ಎಂದರು.

ಹೀಗೆ ಬಿಟ್ಟುಹೋಗುವ ಕೆಲಸಗಳ ಪಟ್ಟಿ ಮಾಡಿದ್ದು ಅಮೆರಿಕದ ಬಿಯಾಟ್ರಿಸ್ ಕಾಲಿಶ್, 2006ರಲ್ಲಿ. ನರ್ಸಿಂಗ್ ಸಿಬ್ಬಂದಿಯನ್ನೇ ಕೇಳಿದಾಗ ಒಂಬತ್ತು ಬಾಬ್ತು ಸಿಕ್ಕವು. ನಡೆದಾಡಿಸುವುದು, ಮಗ್ಗುಲು ಬದಲಿಸುವುದು, ಹೊತ್ತಿಗೆ ಉಣಿಸುವುದು, ಮೈ ಶುಚಿ ಮಾಡುವುದು, ಧೈರ್ಯ ಹೇಳುವುದು... ಇಂಥವೇ. ಒಂದೊಂದೂ ಸಣ್ಣ ಕೆಲಸ. ಆದರೆ ನಡೆದಾಡಿಸದಿದ್ದರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಬಾಯಿ ಶುಚಿ ಮಾಡದಿದ್ದರೆ ನ್ಯುಮೋನಿಯಾ ಬರಬಹುದು. ಕಾರಣಗಳಲ್ಲಿ ಮುಖ್ಯವಾದದ್ದು ಜನ ಸಾಲದಿರುವುದು. ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಲಿಂಡಾ ಐಕೆನ್ ತಂಡ ನಡೆಸಿದ 2002ರ ಅಧ್ಯಯನದಲ್ಲಿ, ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆ ಶಸ್ತ್ರಚಿಕಿತ್ಸೆಯಾದವರು 30 ದಿನಗಳೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚಿತ್ತು.

ಇಂಗ್ಲೆಂಡಿನ ಸ್ಟಾಫರ್ಡ್ ಆಸ್ಪತ್ರೆಯದು ಇನ್ನೂ ಘೋರ. 2005ರಿಂದ 2009ರವರೆಗೆ ಅಲ್ಲಿ ರೋಗಿಗಳ ಕೈಗೆಟುಕದಂತೆ ಊಟ, ನೀರು ಇಟ್ಟು ಹೋಗುತ್ತಿದ್ದರು; ಕೆಲವರು ಹೊಲಸಾದ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದರು. ಆಡಳಿತ ಹಣಕಾಸಿನ ಗುರಿ ಹಿಡಿದು ಸಿಬ್ಬಂದಿ ಕಡಿಮೆ ಮಾಡಿತ್ತೆಂದು ರಾಬರ್ಟ್ ಫ್ರಾನ್ಸಿಸ್ ವಿಚಾರಣೆಯ ವರದಿಗಳು ತೋರಿಸಿದವು. ಬ್ಯಾಲೆನ್ಸ್ ಶೀಟ್ ನೋಡುವವನಾದ ನನಗೆ ಇದನ್ನು ಓದಿ ನಾಚಿಕೆಯಾಯಿತು.

ಇದಕ್ಕೆ ಎದುರು ಉದಾಹರಣೆ ನಮ್ಮ ಪರೇಲಿನಲ್ಲೇ ಇದೆ. ಉತ್ತರ ಕನ್ನಡದ ಹಳದೀಪುರದಿಂದ ಬಂದು ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್‌ನಲ್ಲಿ ಅಲ್ಲೇ ಹಲ್ಲೆಗೊಳಗಾಗಿ ಹಾಸಿಗೆ ಹಿಡಿದರು. 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅವರನ್ನು ನೋಡಿಕೊಂಡವರು ಅಲ್ಲಿನ ನರ್ಸುಗಳೇ. ಅಷ್ಟು ವರ್ಷಗಳಲ್ಲಿ ಒಂದೂ ಹಾಸಿಗೆ ಹುಣ್ಣಾಗಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲಿ ದಾಖಲಿಸಿತು. ಅದೂ ಸದಾ ಗಿಜಿಗುಡುವ ಪಾಲಿಕೆ ಆಸ್ಪತ್ರೆಯಲ್ಲಿ!

ಊರು ಬಿಟ್ಟು ಬಂದ ನಮಗೆ ಆಸ್ಪತ್ರೆಯಲ್ಲಿ ಸರದಿ ಮೇಲೆ ಕೂರಲು ಬಂಧುಗಳಿರುವುದಿಲ್ಲ. ಹಾಗಾಗಿ ಸೇರಿಸುವಾಗ ಎಸಿ ರೂಮು ಇದೆಯೇ ಎಂದಷ್ಟೇ ಕೇಳಬೇಡಿ. ರಾತ್ರಿ ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಅಂತ ಕೇಳಿ. ಚಾರ್ಟು ನೋಡಿ, ಜೊತೆಗೆ ಬೆನ್ನನ್ನೂ ನೋಡಿ. ನಾನು ಹನ್ನೆರಡು ದಿನ ಚಾರ್ಟು ಮಾತ್ರ ನೋಡಿದ್ದೆ.