ಮೆನುವಿನಲ್ಲಿ ಯಾರ ಹೆಸರು? ಲಿನಕ್ಸ್ ಆಪ್ ಪಟ್ಟಿಯ ಒಂದು ಸಣ್ಣ ಇತಿಹಾಸ

ಈ ಎಪಿಸೋಡ್ ಕಂಪ್ಯೂಟರ್ ಬಗ್ಗೆ, ಆದ್ರೆ ಕಂಪ್ಯೂಟರ್ ಕಲಿಸೋ ಎಪಿಸೋಡ್ ಅಲ್ಲ. ನಾನು ಓದಿದ್ದು ಬಿ.ಕಾಂ. ಲೆಡ್ಜರ್ ಗೊತ್ತು, ಕೋಡ್ ಬರಲ್ಲ. ಹಾಗಾಗಿ ಇದನ್ನ ಇತಿಹಾಸದ ಥರ ಹೇಳ್ತೀನಿ.

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ವಿಂಡೋಸ್ 10ಕ್ಕೆ ಕೊಡ್ತಿದ್ದ ಮಾಮೂಲಿ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಹಾಕೋಣ ಅಂದ್ರೆ ಹಳೆ ಲ್ಯಾಪ್‌ಟಾಪ್ ಒಪ್ಪಲ್ಲ. ಎಸೆಯೋಕೆ ಮನಸ್ಸು ಬರಲ್ಲ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆ ಎಸ್ಟೇಟ್ ಆಫೀಸುಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಇಂಥ ಮೆಷಿನ್‌ಗಳು ಸಿಕ್ಕೇ ಸಿಗ್ತವೆ. ಅದಕ್ಕೆ ಯಾರೋ ಹುಡುಗ ಬಂದು ಲಿನಕ್ಸ್ ಮಿಂಟ್ ಹಾಕಿಕೊಟ್ಟು ಹೋಗ್ತಾನೆ. ಆಮೇಲೆ ನನಗೆ ಬರೋ ಪ್ರಶ್ನೆ ಸಾಮಾನ್ಯವಾಗಿ ಒಂದೇ. "ಮೆನುವಿನಲ್ಲಿ ಬೇಡದ್ದೆಲ್ಲ ತುಂಬಿದೆ. ತೆಗೆದ್ರೆ ಆಪ್ ಹೋಗಿಬಿಡ್ತದಾ? ನಮಗೆ ಬೇಕಾದ್ದನ್ನ ಸೇರಿಸೋದು ಹೆಂಗೆ?"

ಉತ್ತರ ಒಂದು ಸಾಲಿನದು: ಹೋಗಲ್ಲ. ಮೆನು ಬೇರೆ, ಆಪ್ ಬೇರೆ. ಆದರೆ ಆ ಒಂದು ಸಾಲಿನ ಉತ್ತರಕ್ಕೆ ಬರೋಕೆ ಲಿನಕ್ಸ್ ಜಗತ್ತು ಹತ್ತಾರು ವರ್ಷ ಜಗಳ ಆಡಿದೆ. ಆ ಜಗಳ ನಿಜಕ್ಕೂ ಚೆನ್ನಾಗಿದೆ.

1987ಕ್ಕೆ ಹೋಗೋಣ. ಲಿನಕ್ಸ್ ಇನ್ನೂ ಹುಟ್ಟಿಲ್ಲ. ಯೂನಿಕ್ಸ್ ಕಂಪ್ಯೂಟರ್‌ಗಳಲ್ಲಿ ಕಿಟಕಿಗಳನ್ನ ಸಂಭಾಳಿಸೋಕೆ ಟಾಮ್ ಲಾಸ್ಟ್ರೇಂಜ್ ಅನ್ನೋವ್ರು ಟಿಡಬ್ಲ್ಯೂಎಂ ಅನ್ನೋ ಪ್ರೋಗ್ರಾಂ ಬರೆದರು. ಅದರಲ್ಲಿ ಮೆನು ಇತ್ತು, ಆದರೆ ಅದರೊಳಗೆ ನಿಮಗೆ ಬೇಕಾದ್ದನ್ನ ನೀವೇ ಬರೆದು ಹಾಕಬೇಕಿತ್ತು. ಒಂದು ಕಡತ ತೆರೆದು, ಹೆಸರು ಇದು, ಒತ್ತಿದ್ರೆ ಓಡಬೇಕಾದ ಪ್ರೋಗ್ರಾಂ ಇದು ಅಂತ ಸಾಲು ಸಾಲಾಗಿ. ಹೊಸ ಪ್ರೋಗ್ರಾಂ ಹಾಕಿದ್ರೆ ಮೆನುವಿಗೆ ಅದರ ಸುದ್ದಿಯೇ ಇಲ್ಲ. ಪೂರ್ತಿ ಸ್ವಾತಂತ್ರ್ಯ, ಪೂರ್ತಿ ತಲೆನೋವು.

1995ರ ಆಗಸ್ಟ್ 24ಕ್ಕೆ ವಿಂಡೋಸ್ 95 ಬಂತು. ಸ್ಟಾರ್ಟ್ ಬಟನ್ ಬಂತು. ಪ್ರೋಗ್ರಾಂ ಇನ್‌ಸ್ಟಾಲ್ ಮಾಡಿದ್ರೆ ಅದೇ ಬಂದು ಪಟ್ಟಿಯಲ್ಲಿ ಕೂತುಕೊಳ್ಳೋದನ್ನ ಸಾಮಾನ್ಯ ಜನ ಮೊದಲ ಸಲ ಅಷ್ಟು ದೊಡ್ಡ ಪ್ರಮಾಣದಲ್ಲಿ ನೋಡಿದ್ದು ಆಗ. ಲಿನಕ್ಸ್‌ನವರಿಗೂ ಇದು ಬೇಕು ಅನ್ನಿಸಿತು. 1996ರ ಅಕ್ಟೋಬರ್‌ನಲ್ಲಿ ಮಥಿಯಾಸ್ ಎಟ್ರಿಷ್ ಅನ್ನೋ ಜರ್ಮನಿಯ ವಿದ್ಯಾರ್ಥಿ ಕೆಡಿಇ ಯೋಜನೆ ಘೋಷಿಸಿದ. 1997ರಲ್ಲಿ ಮೆಕ್ಸಿಕೋದ ಮಿಗೆಲ್ ದೆ ಇಕಾಜಾ ಮತ್ತು ಫೆಡೆರಿಕೋ ಮೆನಾ ಗ್ನೋಮ್ ಶುರು ಮಾಡಿದರು. ಎರಡಕ್ಕೂ ಮೆನು ಇತ್ತು. ಸಮಸ್ಯೆ ಏನಪ್ಪಾ ಅಂದ್ರೆ, ಮೊದಲ ಕೆಡಿಇ ಆಪ್‌ನ ಹೆಸರು ಬರೆದಿಡ್ತಿದ್ದ ಕಡತ ಒಂದು ಥರ, ಗ್ನೋಮ್‌ನದು ಇನ್ನೊಂದು ಥರ. ಡೆಬಿಯನ್ ಅನ್ನೋ ಲಿನಕ್ಸ್ ಬಳಗದವರು ತಮ್ಮದೇ ಆದ ಮೂರನೇ ವ್ಯವಸ್ಥೆ ಕಟ್ಟಿಕೊಂಡಿದ್ರು. ನೀವೊಂದು ಆಪ್ ಬರೆದ್ರೆ, ಅದು ಎಲ್ಲ ಕಡೆ ಕಾಣಬೇಕಾದ್ರೆ, ಮೂರು ಮನೆಗೂ ಬೇರೆಬೇರೆ ಅರ್ಜಿ.

2000ದ ಮಾರ್ಚ್‌ನಲ್ಲಿ ರೆಡ್ ಹ್ಯಾಟ್ ಕಂಪನಿಯಲ್ಲಿದ್ದ ಹ್ಯಾವಕ್ ಪೆನ್ನಿಂಗ್ಟನ್ ಫ್ರೀಡೆಸ್ಕ್‌ಟಾಪ್ ಅನ್ನೋ ವೇದಿಕೆ ಶುರು ಮಾಡಿದ್ರು. ಯಾರಿಗೂ ಆಜ್ಞೆ ಮಾಡೋ ಅಧಿಕಾರ ಅದಕ್ಕಿರಲಿಲ್ಲ. ಕೆಡಿಇಯವರೂ ಗ್ನೋಮ್‌ನವರೂ ಕೂತು ಮಾತಾಡೋಕೆ ಒಂದು ಜಾಗ, ಅಷ್ಟೇ. ಆ ಮಾತುಕತೆಯಲ್ಲಿ ಗಟ್ಟಿಯಾಗಿ ನಿಂತಿದ್ದು ಡಾಟ್ ಡೆಸ್ಕ್‌ಟಾಪ್ ಅನ್ನೋ ಸಣ್ಣ ಕಡತ. ಇವತ್ತು ನಿಮ್ಮ ಮಿಂಟ್‌ನಲ್ಲಾಗಲಿ ಉಬುಂಟುನಲ್ಲಾಗಲಿ ಮೆನು ತೆರೆದಾಗ ಕಾಣೋ ಒಂದೊಂದು ಹೆಸರಿನ ಹಿಂದೆಯೂ ಇಂಥ ಒಂದು ಕಡತ ಇದೆ. ಒಳಗೆ ಮಂತ್ರ ಏನಿಲ್ಲ. ನೇಮ್ ಅಂದ್ರೆ ಹೆಸರು. ಎಕ್ಸೆಕ್ ಅಂದ್ರೆ ಒತ್ತಿದಾಗ ಓಡಬೇಕಾದ್ದು. ಐಕಾನ್ ಅಂದ್ರೆ ಚಿತ್ರ. ಕೆಟಗರೀಸ್ ಅಂದ್ರೆ ಯಾವ ಗುಂಪಿನಲ್ಲಿ ಕೂರಬೇಕು ಅನ್ನೋದು. ಹತ್ತನೇ ಕ್ಲಾಸಿನ ಹುಡುಗಿ ಓದಿದ್ರೂ ಅರ್ಥ ಆಗ್ತದೆ.

ಕೊಟ್ಟಿಗೆಹಾರದಿಂದ ಕಳಸದ ಕಡೆ ಹೋಗ್ತಾ ರಸ್ತೆ ಬದಿ ಎಸ್ಟೇಟ್ ಬೋರ್ಡುಗಳನ್ನ ನೋಡಿರ್ತೀರಿ. ಬೋರ್ಡ್ ಇರೋದು ತಿರುವಿನಲ್ಲಿ, ತೋಟ ಇರೋದು ಒಳಗೆ ಎಲ್ಲೋ. ಬೋರ್ಡ್ ಕಿತ್ತರೆ ತೋಟ ಹೋಗಲ್ಲ. ತೋಟ ಮಾರಿ ಹೋದ್ರೂ ಬೋರ್ಡ್ ನಿಂತಿರಬಹುದು. ವೈನ್ ಹಾಕಿ ವಿಂಡೋಸ್ ಸಾಫ್ಟ್‌ವೇರ್ ಓಡಿಸಿದವರಿಗೆ ಈ ಎರಡನೇದು ಚೆನ್ನಾಗಿ ಗೊತ್ತು. ಆಪ್ ತೆಗೆದು ತಿಂಗಳಾದ್ರೂ ಅದರ ಹೆಸರು ಮೆನುವಿನಲ್ಲಿ ಹಲ್ಲು ಕಿರಿತಾ ಇರ್ತದೆ.

ಈಗ ನನಗೆ ಈ ಇತಿಹಾಸದಲ್ಲಿ ಅತಿ ಹೆಚ್ಚು ಇಷ್ಟವಾದ ಭಾಗ. ಈ ಕಡತಗಳು ಮುಖ್ಯವಾಗಿ ಎರಡು ಜಾಗದಲ್ಲಿ ಇರ್ತವೆ. ಒಂದು ಸಿಸ್ಟಮ್‌ನ ಜಾಗ: ಯುಎಸ್‌ಆರ್, ಅದರೊಳಗೆ ಶೇರ್, ಅದರೊಳಗೆ ಅಪ್ಲಿಕೇಶನ್ಸ್ ಅನ್ನೋ ಫೋಲ್ಡರ್. ಅಲ್ಲಿ ಕೈ ಹಾಕೋಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಇನ್ನೊಂದು ನಿಮ್ಮ ಸ್ವಂತ ಹೋಮ್ ಫೋಲ್ಡರ್ ಒಳಗೆ, ಲೋಕಲ್ ಅನ್ನೋ ಅಡಗಿದ ಫೋಲ್ಡರಿನಲ್ಲಿ, ಅಲ್ಲೂ ಶೇರ್, ಅಲ್ಲೂ ಅಪ್ಲಿಕೇಶನ್ಸ್. ಎರಡೂ ಕಡೆ ಒಂದೇ ಹೆಸರಿನ ಕಡತ ಇದ್ರೆ ಯಾವುದು ಗೆಲ್ಲಬೇಕು? ಒಪ್ಪಂದದ ಪ್ರಕಾರ ನಿಮ್ಮದೇ ಗೆಲ್ಲಬೇಕು. ಸಿಸ್ಟಮ್ ಏನೇ ಹೇಳಲಿ, ಕಂಪನಿ ಏನೇ ಕಳಿಸಲಿ, ನಿಮ್ಮ ಮೆನುವಿನಲ್ಲಿ ಕೊನೆ ಮಾತು ನಿಮ್ಮದು. ಅಪ್‌ಡೇಟ್ ಬಂದಾಗ ಸಿಸ್ಟಮ್ ಜಾಗದ ಕಡತ ಬದಲಾಗಬಹುದು, ನಿಮ್ಮ ಪ್ರತಿಯನ್ನ ಅದು ಮುಟ್ಟಲ್ಲ. ಅದಕ್ಕೇ ಬಲ್ಲವರು ಹೇಳೋದು: ಮೂಲ ಕಡತ ತಿದ್ದಬೇಡಿ, ನಿಮ್ಮ ಜಾಗಕ್ಕೆ ಕಾಪಿ ಮಾಡ್ಕೊಂಡು ಅಲ್ಲಿ ತಿದ್ದಿ.

ಬೇಡದ್ದನ್ನ ತೆಗೆಯೋಕೂ ಅಳಿಸಬೇಕಾಗಿಲ್ಲ. ನಿಮ್ಮ ಪ್ರತಿಯಲ್ಲಿ ನೋ ಡಿಸ್‌ಪ್ಲೇ ಈಕ್ವಲ್ ಟು ಟ್ರೂ ಅಂತ ಒಂದು ಸಾಲು ಬರೆದ್ರೆ ಆಪ್ ಇರ್ತದೆ, ಮೆನುವಿನಲ್ಲಿ ಕಾಣಲ್ಲ. ಪಿಡಿಎಫ್ ಒತ್ತಿದ್ರೆ ಅದರಲ್ಲೇ ತೆರೀಬಹುದು. ಹಿಡನ್ ಅಂತ ಇನ್ನೊಂದು ಸಾಲಿದೆ. ಕೇಳಿದ್ರೆ ಇದೂ ಅಡಗಿಸೋದೇ ಅನ್ನಿಸ್ತದೆ, ಆದ್ರೆ ಅದರ ಅರ್ಥ 'ನನ್ನ ಮಟ್ಟಿಗೆ ಇದು ಇಲ್ಲವೇ ಇಲ್ಲ' ಅಂತ. ತಮಾಷೆ ಅಂದ್ರೆ, ಇದಕ್ಕೆ ಡಿಲೀಟೆಡ್ ಅಂತಲೇ ಹೆಸರಿಡಬೇಕಿತ್ತು ಅಂತ ಆ ಒಪ್ಪಂದದ ದಾಖಲೆಯೇ ಒಪ್ಪಿಕೊಳ್ತದೆ. ಇಟ್ಟ ಹೆಸರು ಮಾತ್ರ ಹಾಗೇ ಉಳೀತು.

ಇಷ್ಟೆಲ್ಲ ಹಕ್ಕು ಕಾಗದದ ಮೇಲೆ ಬಂತು ಸರಿ. ಕೈಗೆ ಬಂತಾ? 2005ರ ಮಾರ್ಚ್‌ನಲ್ಲಿ ಗ್ನೋಮ್ 2.10 ಬಂದಾಗ ಹೊಸ ಮೆನು ಒಪ್ಪಂದಕ್ಕೆ ಬದಲಾಯ್ತು, ಆದ್ರೆ ಮೆನು ತಿದ್ದೋ ಸಾಧನವನ್ನ ಜೊತೆಗೆ ಕೊಡಲಿಲ್ಲ. ಬಳಕೆದಾರರು ಗೊಣಗಿದರು. ಟ್ರಾವಿಸ್ ವಾಟ್ಕಿನ್ಸ್ ಅನ್ನೋವ್ರು ಸ್ಮೆಗ್ ಅಂತ ಒಂದು ಪುಟ್ಟ ಎಡಿಟರ್ ಬರೆದರು. ಅದೇ ಆಮೇಲೆ ಅಲಾಕಾರ್ಟೆ ಅಂತ ಹೆಸರು ಬದಲಿಸಿಕೊಂಡು 2006ರಲ್ಲಿ ಗ್ನೋಮ್ 2.16ರ ಭಾಗವಾಯ್ತು. ಹೋಟೆಲಿನಲ್ಲಿ ಮೆನು ಕಾರ್ಡ್ ನೋಡಿ ಬೇಕಾದ್ದಷ್ಟೇ ಆರಿಸ್ಕೊಳ್ಳೋದು ಅಂತ ಆ ಹೆಸರಿನ ಅರ್ಥ. ಇವತ್ತು ಮಿಂಟ್‌ನಲ್ಲಿ ಮೆನು ಮೇಲೆ ಬಲ ಕ್ಲಿಕ್ ಮಾಡಿ, ಸೆಟ್ಟಿಂಗ್ಸ್ ಒಳಗೆ ಹೋದ್ರೆ ಮೆನು ಎಡಿಟರ್ ಸಿಗ್ತದಲ್ಲ, ಅದು ಅಲಾಕಾರ್ಟೆಯ ವಂಶದ್ದೇ. ಟಿಕ್ ತೆಗೆದ್ರೆ ಅದು ಹಿಂದೆ ಮಾಡೋ ಕೆಲಸ ನಾನು ಈಗಷ್ಟೇ ಹೇಳಿದ್ದು.

ಡೆಬಿಯನ್‌ನವರ ಹಳೆ ಮೆನು ಏನಾಯ್ತು? ಅದು ಸುಲಭಕ್ಕೆ ಸಾಯಲಿಲ್ಲ. ಹಳೆಯದರಲ್ಲಿ ಸಣ್ಣಪುಟ್ಟ ಪ್ರೋಗ್ರಾಂಗಳಿಗೂ ಜಾಗ ಇತ್ತು, ಹೊಸದು ಚಂದ ಇದ್ದವರಿಗೆ ಮಾತ್ರ ಅನ್ನೋದು ಒಂದು ಕಡೆಯ ವಾದ. ಜಗಳ ಡೆಬಿಯನ್‌ನ ತಾಂತ್ರಿಕ ಸಮಿತಿ ತನಕ ಹೋಯ್ತು. 2015ರ ಸೆಪ್ಟೆಂಬರ್‌ನಲ್ಲಿ ತೀರ್ಮಾನ ಬಂತು: ಡಾಟ್ ಡೆಸ್ಕ್‌ಟಾಪ್ ಕಡತ ಕೊಡೋ ಪ್ಯಾಕೇಜ್ ಹಳೆ ಮೆನು ಕಡತ ಕೊಡಬಾರದು. ಒಂದು ಮೆನು ಪಟ್ಟಿಗೆ ಸುಪ್ರೀಂ ಕೋರ್ಟ್ ಲೆವೆಲ್ ವಿಚಾರಣೆ! ಆದ್ರೆ ನನಗೆ ಅದು ಅತಿ ಅನ್ನಿಸಲ್ಲ. ಕಣ್ಣಿಗೆ ಕಾಣದ ಆಪ್‌ನ ಯಾರೂ ಬಳಸಲ್ಲ.

ಗುಂಪುಗಳ ಬಗ್ಗೆ ಒಂದು ಮಾತು. ಆ ಒಪ್ಪಂದದಲ್ಲಿ ಆಫೀಸ್, ಎಜುಕೇಶನ್, ಗೇಮ್, ಗ್ರಾಫಿಕ್ಸ್, ಸೈನ್ಸ್ ಹೀಗೆ ಮುಖ್ಯ ವಿಭಾಗಗಳಿವೆ, ಅವುಗಳ ಕೆಳಗೆ ಉಪವಿಭಾಗಗಳಿವೆ. ಖಗೋಳ ಇದೆ, ಭೂಗರ್ಭಶಾಸ್ತ್ರ ಇದೆ, ಕ್ರೀಡೆ ಇದೆ, ಅಧ್ಯಾತ್ಮವೂ ಇದೆ. ಕೃಷಿ ಇಲ್ಲ. ಕಾಫಿ, ಮೆಣಸಿನ ಲೆಕ್ಕ ಇಡೋ ಸಾಧನ ಯಾರಾದ್ರೂ ಬರೆದ್ರೆ ಅದು ಆಫೀಸ್ ಅಂತಲೋ ಫೈನಾನ್ಸ್ ಅಂತಲೋ ಹೋಗಿ ಕೂರಬೇಕು. ಪಟ್ಟಿ ಮಾಡಿದವರು ಯಾವ ಊರಿನವರು ಅಂತ ಪಟ್ಟಿ ನೋಡಿದ್ರೇ ಗೊತ್ತಾಗ್ತದೆ.

ಇದೆಲ್ಲ ದೊಡ್ಡೂರಿನ ಇಂಜಿನಿಯರ್‌ಗಳ ಕಥೆ ಆಯ್ತು, ಕನ್ನಡದವರಿಗೂ ಇದಕ್ಕೂ ಏನು ಅಂತ ಕೇಳಬಹುದು. ಮೂಡಿಗೆರೆಯಿಂದ ಚಾರ್ಮಾಡಿ ಘಾಟಿ ಇಳಿದು, ಮಂಗಳೂರು ದಾಟಿ, ತಲಪಾಡಿ ಗಡಿ ಆಚೆ ಹೋದ್ರೆ ಕಾಸರಗೋಡು. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ, ಅವು ಕೇರಳ ಸರ್ಕಾರದ ಪಠ್ಯಕ್ರಮಕ್ಕೆ ಸೇರಿದವು. ಕೇರಳ 2001ರಲ್ಲಿ ಐಟಿ ಅಟ್ ಸ್ಕೂಲ್ ಯೋಜನೆ ಶುರು ಮಾಡಿತು, ಆಮೇಲೆ ಶಾಲೆಗಳನ್ನ ಸ್ವತಂತ್ರ ತಂತ್ರಾಂಶಕ್ಕೆ ತಂದಿತು. 2017ರಲ್ಲಿ ಆ ಯೋಜನೆ ಕೈಟ್ ಅನ್ನೋ ಸಂಸ್ಥೆಯಾಯ್ತು. ಅವರು ಉಬುಂಟುವನ್ನ ಆಧಾರ ಮಾಡಿಕೊಂಡು ಶಾಲೆಗಳಿಗೆ ಬೇಕಾದ ಆಪ್‌ಗಳನ್ನ ತುಂಬಿ ತಮ್ಮದೇ ಲಿನಕ್ಸ್ ತಯಾರು ಮಾಡ್ತಾರೆ. ಐಸಿಟಿ ಪಠ್ಯಪುಸ್ತಕ ಕನ್ನಡದಲ್ಲೂ ಬರ್ತದೆ.

ಅಂಥ ಪುಸ್ತಕದಲ್ಲಿ ಪಾಠ ಹೆಂಗೆ ಶುರುವಾಗ್ತದೆ ನೋಡಿ: ಅಪ್ಲಿಕೇಶನ್ಸ್ ತೆರೆಯಿರಿ, ಎಜುಕೇಶನ್‌ಗೆ ಹೋಗಿ, ಜಿಯೋಜೀಬ್ರಾ ಒತ್ತಿ. ಮೆನುವಿನ ದಾರಿಯೇ ಪಾಠದ ಮೊದಲ ಹೆಜ್ಜೆ. ಆ ಹೆಸರು ಆ ಗುಂಪಿನಲ್ಲಿ ಇಲ್ಲದಿದ್ರೆ ಮಗು ಅಲ್ಲೇ ನಿಂತ್ಕೊಳ್ತದೆ. ಪ್ರಾಯೋಗಿಕ ಪರೀಕ್ಷೆ ನಡೆಯೋದೂ ಇದೇ ಲಿನಕ್ಸ್ ಮೇಲೆ. ನಮಗೆ ಮೆನು ಸ್ವಚ್ಛ ಮಾಡೋದು ಒಂದು ಶೋಕಿ ಇರಬಹುದು, ಅಲ್ಲಿ ಅದು ಮಾರ್ಕ್ಸ್ ವಿಷಯ.

ಕಡತ ಸರಳವಾಗಿದೆ ಅಂದ್ನಲ್ಲ, ಅದೇ ಅಪಾಯವೂ ಹೌದು. ಎಕ್ಸೆಕ್ ಸಾಲಿನಲ್ಲಿ ಏನು ಬೇಕಾದ್ರೂ ಬರೀಬಹುದು, ಐಕಾನ್ ಸಾಲಿನಲ್ಲಿ ಪಿಡಿಎಫ್ ಚಿತ್ರ ಹಾಕಬಹುದು. 2025ರ ಆಗಸ್ಟ್‌ನಲ್ಲಿ ಭದ್ರತಾ ಸಂಶೋಧಕರು ವರದಿ ಮಾಡಿದ್ದು ಇದನ್ನೇ. ಎಪಿಟಿ 36 ಅಂತ ಗುರುತಿಸಲಾಗಿರೋ ಹ್ಯಾಕರ್ ಗುಂಪು ಭಾರತ ಸರ್ಕಾರದ ಕಚೇರಿಗಳ ಲಿನಕ್ಸ್ ಮೆಷಿನ್‌ಗಳಿಗೆ, ಅದರಲ್ಲೂ ಸಿ-ಡ್ಯಾಕ್ ತಯಾರಿಸಿದ ಬಾಸ್ ಲಿನಕ್ಸ್‌ಗೆ, ಮೀಟಿಂಗ್ ನೋಟಿಸ್‌ನ ಪಿಡಿಎಫ್ ಥರ ಕಾಣೋ ಡಾಟ್ ಡೆಸ್ಕ್‌ಟಾಪ್ ಕಡತ ಕಳಿಸ್ತಿತ್ತು. ಒತ್ತಿದ್ರೆ ಡಾಕ್ಯುಮೆಂಟ್ ತೆರೆದುಕೊಳ್ತದೆ, ಹಿಂದೆ ಬೇರೆ ಕೆಲಸ ನಡೀತದೆ. ಹಾಗಾಗಿ ಇಮೇಲ್‌ನಲ್ಲೋ ವಾಟ್ಸಾಪ್‌ನಲ್ಲೋ ಬಂದ ಇಂಥ ಕಡತ ಒತ್ತಬೇಡಿ. ಅನುಮಾನ ಬಂದ್ರೆ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು ಎಕ್ಸೆಕ್ ಸಾಲು ಓದಿ.

ಇನ್ನು ಭಾಷೆ. ನೇಮ್ ಅನ್ನೋ ಸಾಲಿನ ಪಕ್ಕದಲ್ಲೇ, ಚೌಕ ಕಂಸದೊಳಗೆ ಕೆ ಮತ್ತು ಎನ್ ಅನ್ನೋ ಎರಡು ಅಕ್ಷರ ಹಾಕಿ ಇನ್ನೊಂದು ಸಾಲು ಬರೀಬಹುದು. ಕೆಎನ್ ಅಂದ್ರೆ ಕನ್ನಡ. ನಿಮ್ಮ ಸಿಸ್ಟಮ್ ಭಾಷೆ ಕನ್ನಡ ಇದ್ರೆ ಮೆನು ಮೊದಲು ಆ ಸಾಲು ಹುಡುಕ್ತದೆ. ಸಿಗಲಿಲ್ಲ ಅಂದ್ರೆ ಮಾತ್ರ ಇಂಗ್ಲಿಷಿನ ಹೆಸರು ತೋರಿಸ್ತದೆ. ಹಳೆಯ ಕಡತಗಳಲ್ಲಿ ಎನ್‌ಕೋಡಿಂಗ್ ಅಂತ ಒಂದು ಸಾಲು ಇರ್ತಿತ್ತು, ಯಾಕಂದ್ರೆ ಆಗ ಯಾವ ಲಿಪಿ ಯಾವ ಸಂಕೇತದಲ್ಲಿದೆ ಅಂತ ಹೇಳಬೇಕಿತ್ತು. ಈಗ ಎಲ್ಲವೂ ಯುಟಿಎಫ್-8, ಅಂದ್ರೆ ಯೂನಿಕೋಡ್. ಆ ಸಾಲೇ ಬೇಡವಾಯ್ತು. ಹಳೆ ನುಡಿ ಫಾಂಟಿನ ಫೈಲ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಚಿತ್ರವಿಚಿತ್ರ ಅಕ್ಷರ ನೋಡಿದವರಿಗೆ ಇದು ಎಷ್ಟು ದೊಡ್ಡ ವಿಷಯ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾಫಿ ತೋಟದೊಳಗೆ ಕೂತು ಈ ಕಷ್ಟದ ಬಗ್ಗೆ ತಲೆ ಕೆಡಿಸ್ಕೊಂಡವರು ನಮ್ಮ ಮೂಡಿಗೆರೆಯಲ್ಲೇ ಇದ್ರು, ಪೂರ್ಣಚಂದ್ರ ತೇಜಸ್ವಿ. ನಮ್ಮಲ್ಲಿ ಬಹಳ ಜನಕ್ಕೆ ಅವರು ಕಾಡು, ಮೀನು, ಹಕ್ಕಿ, ಕಾದಂಬರಿ. ಆದ್ರೆ ಕೊನೆಯ ವರ್ಷಗಳಲ್ಲಿ ಅವರ ದೊಡ್ಡ ಹಟಗಳಲ್ಲಿ ಒಂದು ಕನ್ನಡ ತಂತ್ರಾಂಶ. ಹಂಪಿ ಕನ್ನಡ ವಿಶ್ವವಿದ್ಯಾಲಯದ ಮೂಲಕ ಬಂದ ಕುವೆಂಪು ತಂತ್ರಾಂಶದ ಹಿಂದೆ ಅವರ ಒತ್ತಾಸೆ ಇತ್ತು. 2007ರ ಏಪ್ರಿಲ್ 5ರಂದು ಮೂಡಿಗೆರೆಯ ಮನೆಯಲ್ಲಿ ತೀರಿಕೊಂಡರು. ಲಿನಕ್ಸ್‌ನಲ್ಲಿ ಕನ್ನಡ ಕಾಣೋಕೆ ಕೇದಗೆ, ಮಲ್ಲಿಗೆ ಫಾಂಟುಗಳು, ಆಮೇಲೆ ಗುಬ್ಬಿ, ನವಿಲು ಫಾಂಟುಗಳು ಮುಕ್ತವಾಗಿ ಸಿಕ್ಕಿದ್ದು, ಗ್ನೋಮ್, ಕೆಡಿಇ ಸಾಲುಗಳನ್ನ ಕೂತು ಕನ್ನಡಕ್ಕೆ ತಂದಿದ್ದು ಇದೇ ಹಟದ ಬೇರೆ ಜನ. ಎಷ್ಟೋ ಆಪ್‌ಗಳಲ್ಲಿ ಆ ಕೆಎನ್ ಸಾಲು ಇರೋದು ಅವರಿಂದ.

ಎಷ್ಟೋ ಆಪ್‌ಗಳಲ್ಲಿ ಅದು ಇನ್ನೂ ಇಲ್ಲ. ನಿಮ್ಮ ಮನೆಯ ಮೆಷಿನ್‌ನಲ್ಲಿ ನೋಡೋದು ಸುಲಭ. ಸಿಸ್ಟಮ್ ಜಾಗದ ಆ ಅಪ್ಲಿಕೇಶನ್ಸ್ ಫೋಲ್ಡರ್ ತೆರೆದು, ಅಪ್ಪ ದಿನಾ ಬಳಸೋ ಲೆಕ್ಕದ ಆಪ್‌ನ ಕಡತ ನಿಮ್ಮ ಜಾಗಕ್ಕೆ ಕಾಪಿ ಮಾಡಿ, ಟೆಕ್ಸ್ಟ್ ಎಡಿಟರ್‌ನಲ್ಲಿ ತೆಗೀರಿ. ಕೆಎನ್ ಸಾಲು ಇದ್ರೆ ಹೆಸರು ಸರಿಯಿದೆಯಾ ಅಂತ ಓದಿ. ಇಲ್ಲದಿದ್ರೆ 'ತೋಟದ ಲೆಕ್ಕ' ಅಂತಲೇ ಬರೆದು ಸೇವ್ ಮಾಡಿ. ಸಿಸ್ಟಮ್ ಭಾಷೆ ಕನ್ನಡ ಇದ್ರೆ ಕೆಎನ್ ಸಾಲು ಸಾಕು, ಇಂಗ್ಲಿಷ್ ಇದ್ರೆ ನೇಮ್ ಸಾಲಿನಲ್ಲೇ ಕನ್ನಡದಲ್ಲಿ ಬರೀರಿ, ಅದಕ್ಕೂ ಅಡ್ಡಿಯಿಲ್ಲ. ಸಾಮಾನ್ಯವಾಗಿ ರೀಸ್ಟಾರ್ಟ್ ಕೂಡ ಬೇಕಾಗಲ್ಲ. ಮೆನು ಮುಚ್ಚಿ ಮತ್ತೆ ತೆರೆದ್ರೆ ಹೆಸರು ಅಲ್ಲಿ ಇರ್ತದೆ.