ಬಳ್ಳಿಗಾವೆಯ ಕೋಡಿಯಮಠವೂ ನೂತನ ದೃಶ್ಯವಿದ್ಯೆಯೂ

ಅಲ್ಲಮಪ್ರಭುದೇವರ ಜನ್ಮಸ್ಥಳವೆಂದು ನಮ್ಮ ಪರಂಪರೆಯು ಕೊಂಡಾಡುವ ಬಳ್ಳಿಗಾವೆಯು ಶಿಕಾರಿಪುರ ತಾಲ್ಲೂಕಿನಲ್ಲಿ ಇಂದು ಒಂದು ಗ್ರಾಮಮಾತ್ರವಾಗಿ ಉಳಿದಿರುವುದು. ಪೂರ್ವದಲ್ಲಿ ಇದು ಬನವಾಸಿ ನಾಡಿನ ರಾಜಧಾನಿಯಾಗಿದ್ದಿತು. ಕೇದಾರೇಶ್ವರ ದೇವಾಲಯವು ನಿಂತಿದೆ; ಅದಕ್ಕೆ ಸೇರಿದ್ದ ಕೋಡಿಯಮಠವು ಇಂದು ಶಾಸನಗಳಲ್ಲಿ ಮಾತ್ರ ಜೀವಿಸಿರುವುದು.

ಕೈಯಲ್ಲಿ ಹಿಡಿದ ಮೊಬೈಲ್ ಫೋನನ್ನು ಒಂದು ಸ್ಥಳದ ಕಡೆಗೆ ತಿರುಗಿಸಿದೊಡನೆ, ಎದುರಿನ ನೋಟದೊಡನೆ ರಚಿತವಾದ ಚಿತ್ರವೂ ಬೆರೆತು ಕಾಣಿಸುವ ವಿದ್ಯೆಯೊಂದು ಈಗ ಬಂದಿದೆ. ಇದಕ್ಕೆ ವರ್ಧಿತ ವಾಸ್ತವವೆಂದು ಹೆಸರು. ಇದರಿಂದ ಕೋಡಿಯಮಠವನ್ನು ಮತ್ತೆ ಎಬ್ಬಿಸಿ ನಿಲ್ಲಿಸಬಹುದೆಂದು ಭಕ್ತರು ಹಾರೈಸುವುದು ಸಹಜವೇ. ಆದರೆ ಏನನ್ನು ಎಬ್ಬಿಸುವುದು?

ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವು ಈ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ. ರೈಸ್ ಸಾಹೇಬರು 1902ರಲ್ಲಿ ಇದನ್ನು ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಅಚ್ಚು ಮಾಡಿಸಿದರು. ಅಲ್ಲಿ ನಾಲ್ಕು ವೇದಗಳೂ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳೂ ಲಾಕುಲ ಸಿದ್ಧಾಂತವೂ ಪಾತಂಜಲ ಯೋಗವೂ ಕಾವ್ಯನಾಟಕಗಳೂ ನಡೆಯುತ್ತಿದ್ದುವು. ಬೌದ್ಧ ದರ್ಶನದ ವ್ಯಾಖ್ಯಾನವೂ ಇದ್ದಿತೆಂಬುದನ್ನು ವಾಚಕರು ಗಮನಿಸಬೇಕು. ದೀನರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಕುಣಿಯುವವರು, ಜೈನ ಕ್ಷಪಣಕರು, ಇವರೆಲ್ಲರಿಗೂ ಅನ್ನವಿದ್ದಿತು. ಅನಾಥ ರೋಗಿಗಳಿಗೆ ಔಷಧವಿದ್ದಿತು. ಸಕಲ ಪ್ರಾಣಿಗಳಿಗೂ ಅಭಯವಿದ್ದಿತು.

ಈ ವರ್ಣನೆಯೊಳಗೆ ಮಠದ ಉದ್ದಗಲಗಳಿಲ್ಲ. ಆದುದರಿಂದ ಚಿತ್ರಕಾರನು ಗೋಪುರವನ್ನೂ ಉಪ್ಪರಿಗೆಯನ್ನೂ ಕಲ್ಪಿಸಿ ತೋರಿಸಿದರೆ ನೋಡುವ ಬಾಲಕನು ಅದನ್ನೇ ಚರಿತ್ರೆಯೆಂದು ನಂಬುವನು. ಪುಸ್ತಕದ ತಪ್ಪನ್ನು ತಿದ್ದಬಹುದು. ಕಣ್ಣಿನಲ್ಲಿ ನಿಂತ ತಪ್ಪನ್ನು ಕೀಳುವುದು ಕಷ್ಟ. ಇದಕ್ಕಿಂತ ಸೂಕ್ಷ್ಮವಾದ ಅಪಾಯವು ನಮ್ಮವರಿಂದಲೇ ಒದಗಬಹುದು. ಕೋಡಿಯಮಠದ ಆಚಾರ್ಯರು ಕಾಳಾಮುಖ ಶೈವರು, ಸ್ಥಾವರಲಿಂಗದ ಅರ್ಚಕರು. ಅದೇ ಬಿಜ್ಜಳನ ಆಳಿಕೆಯಲ್ಲಿ ಬಸವಣ್ಣನವರು ಕಲ್ಯಾಣದಲ್ಲಿ ಇಷ್ಟಲಿಂಗದ ಮಾರ್ಗವನ್ನು ಬೆಳಗುತ್ತಿದ್ದರು. ಆ ಆಚಾರ್ಯರ ಕೊರಳಿಗೆ ಕರಡಿಗೆಯನ್ನು ಚಿತ್ರಿಸುವುದು ಅಭಿಮಾನವಾದೀತೇ ಹೊರತು ಸತ್ಯವಾಗದು.

ಹಾಗಾದರೆ ಈ ವಿದ್ಯೆಯನ್ನು ಬಿಡಬೇಕೆ? ಬೇಡ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಶಿಲಾಶಾಸನಗಳ ಅಕ್ಷರಗಳ ಉಬ್ಬುತಗ್ಗುಗಳನ್ನೆಲ್ಲಾ ಯಂತ್ರದಿಂದ ಅಳೆದು ಮೂರು ಆಯಾಮಗಳಲ್ಲಿ ಕಾಪಿಡುವ ಕಾರ್ಯವನ್ನು ಕೈಗೊಂಡಿದ್ದಾರೆ. ಬಳ್ಳಿಗಾವೆಯಲ್ಲಿಯೂ ಕಲ್ಲಿನಿಂದಲೇ ಆರಂಭಿಸೋಣ. ನೋಡುವವನು ಫೋನನ್ನು ಹಿಡಿದಾಗ ಹಳಗನ್ನಡದ ಸಾಲು ಬೆಳಗಲಿ, ಅದರ ಮಗ್ಗುಲಲ್ಲಿ ಇಂದಿನ ಕನ್ನಡವು ಮೂಡಲಿ, ಓದುವ ಧ್ವನಿಯು ಆ ಊರವರದೇ ಆಗಲಿ. ಗೋಡೆಗಳನ್ನು ಬರಿಯ ಗೆರೆಗಳಿಂದ ಸೂಚಿಸಿ, ಊಹೆಯೆಂದು ಅಲ್ಲಿಯೇ ಬರೆಯಲಿ. ಊಟಕ್ಕೆ ಬಂದವರ ಸಾಲನ್ನು ಮಾತ್ರ, ಶಾಸನವು ಹೆಸರಿಸಿದಂತೆ, ಒಬ್ಬರನ್ನೂ ಬಿಡದೆ ತೋರಿಸಲಿ.