ಮೈಸೂರಿನವರೆಗೆ ರೈಲು

ಕಾವೇರಿ ದಡದ ಆನೆ ಶಿಬಿರವಾದ ದುಬಾರೆಗೆ ಹೋಗುವ ರೈಲಿಲ್ಲ. ಕೊಡಗಿನ ಯಾವ ಊರಿಗೂ ಇಲ್ಲ. ಜಿಲ್ಲೆಯಲ್ಲಿ ಇವತ್ತಿಗೂ ರೈಲು ಓಡುವ ಒಂದು ಮಾರುದ್ದದ ಹಳಿಯೂ ಇಲ್ಲ. ಆದರೂ ಕಡಲಾಚೆಯಿಂದ ಇಲ್ಲಿಗೆ ಬರುವವರು ಸುಮಾರು 140 ವರ್ಷಗಳಿಂದ ತಮ್ಮ ಪಯಣದ ಲೆಕ್ಕದಲ್ಲಿ ರೈಲನ್ನು ಸೇರಿಸಿಕೊಂಡೇ ಬಂದಿದ್ದಾರೆ. ಮೊದಲು ಹಡಗಿಗೂ ರೈಲಿಗೂ, ಆಮೇಲೆ ವಿಮಾನಕ್ಕೂ ರೈಲಿಗೂ ಗಂಟು ಹಾಕಿ, ರೈಲು ನಿಂತಲ್ಲಿಂದ ಎತ್ತಿನ ಗಾಡಿಯನ್ನೋ ಬಸ್ಸನ್ನೋ ಹಿಡಿಯುವುದು ಕೊಡಗಿನ ದಾರಿಯ ರೂಢಿ. ರೈಲು ನಿಲ್ಲುವ ಆ ಜಾಗ ಮೂಡಣ ದಿಕ್ಕಿನಿಂದ ಬರುವವರಿಗೆ 1882ರಿಂದ ಒಂದೇ: ಮೈಸೂರು.

ರೈಲು ಬರುವ ಮೊದಲಿನ ಕೊಡಗು ಪಡುವಣ ಕಡಲಿಗೆ ಮುಖಮಾಡಿತ್ತು. 1834ರಲ್ಲಿ ಚಿಕ್ಕವೀರರಾಜೇಂದ್ರನ ರಾಜ್ಯ ಇಂಗ್ಲಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬ ಯುರೋಪಿಯನ್ ಮಡಿಕೇರಿಯಲ್ಲಿ ಕಾಫಿ ತೋಟ ತೆರೆದ ಮೇಲೆ ಬಿಳಿಯ ತೋಟಗಾರರ ಬರವು ಹೆಚ್ಚಿತು. ತಲಶ್ಶೇರಿ, ಕಣ್ಣೂರು, ಮಂಗಳೂರುಗಳ ಬಂದರಿಗೆ ಹಡಗಿನಲ್ಲಿ ಬಂದಿಳಿದವರು ಪೆರುಂಬಾಡಿ ಘಾಟಿಯನ್ನೋ ಸಂಪಾಜೆ ಘಾಟಿಯನ್ನೋ ಹತ್ತಿ ಬರುತ್ತಿದ್ದರು. ಕಾಫಿ ಅದೇ ದಾರಿಯಲ್ಲಿ ಇಳಿದು ಹೋಗುತ್ತಿತ್ತು. ಈ ದಾರಿಗೆ ಒಂದೇ ಅಡ್ಡಿ, ಆದರೆ ಅದು ವರ್ಷದಲ್ಲಿ ನಾಲ್ಕು ತಿಂಗಳ ಅಡ್ಡಿ. ಮುಂಗಾರು ಹಿಡಿದರೆ ತೆರೆದ ಕಡಲ ಬಂದರುಗಳಲ್ಲಿ ಹಡಗು ನಿಲ್ಲುವಂತಿಲ್ಲ, ಘಾಟಿಯಲ್ಲಿ ಗಾಡಿ ಏರುವಂತಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರಿಗೆ ಬರಬೇಕಾದವನು ಮೂಡಣದ ಬಯಲು ದಾರಿಯನ್ನೇ ಹುಡುಕಬೇಕಿತ್ತು.

ಆ ಬಯಲಿಗೆ ಹಳಿ ಬಂದದ್ದು ಕಂತು ಕಂತಾಗಿ. 1862ರಲ್ಲಿ ಮದರಾಸಿನಿಂದ ಬೇಪೂರಿನವರೆಗೆ ರೈಲು ಓಡಿತು. 1864ರಲ್ಲಿ ಜೋಲಾರ್‌ಪೇಟೆಯಿಂದ ಒಂದು ಕವಲು ಬೆಂಗಳೂರಿನ ದಂಡಿನ ಪ್ರದೇಶಕ್ಕೆ ಬಂತು. 1869ರ ನವೆಂಬರಿನಲ್ಲಿ ಸೂಯೆಜ್ ಕಾಲುವೆ ತೆರೆದು, ಗುಡ್‌ಹೋಪ್ ಭೂಶಿರವನ್ನು ಸುತ್ತುವ ತಿಂಗಳುಗಟ್ಟಲೆಯ ಪಯಣ ಕೆಲವೇ ವಾರಗಳಿಗೆ ಇಳಿಯಿತು. ಎರಡೇ ವರ್ಷಕ್ಕೆ, 1871ರಲ್ಲಿ, ಮುಂಬಯಿಯ ಹಳಿಯೂ ಮದರಾಸಿನ ಹಳಿಯೂ ರಾಯಚೂರಿನಲ್ಲಿ ಕೂಡಿದವು. ಬರಗಾಲದ ಪರಿಹಾರ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಮಾರ್ಗ 1882ರಲ್ಲಿ ಮುಗಿದಾಗ ಲಂಡನ್ನಿನಿಂದ ಕೊಡಗಿಗೆ ಒಂದು ಹೊಸ ದಾರಿ ಸಿದ್ಧವಾಗಿತ್ತು: ಮುಂಬಯಿಯವರೆಗೆ ಹಡಗು, ಅಲ್ಲಿಂದ ರಾಯಚೂರು, ಗುಂತಕಲ್, ಅರಕ್ಕೋಣಂ, ಜೋಲಾರ್‌ಪೇಟೆ ಬಳಸಿ ಬೆಂಗಳೂರು, ಮತ್ತೆ ಮೈಸೂರು. ನಕಾಶೆಯಲ್ಲಿ ನೋಡಿದರೆ ಮೂಗು ಹಿಡಿಯಲು ತಲೆಯ ಸುತ್ತ ಕೈ ತಂದಂತೆ ಕಾಣುವ ದಾರಿ ಇದು. ಪುಣೆ, ಹುಬ್ಬಳ್ಳಿ, ಹರಿಹರದ ಮೂಲಕ ಮೀಟರ್‌ಗೇಜ್ ಮಾರ್ಗ ಬೆಂಗಳೂರಿಗೆ ಕೂಡಿಕೊಂಡ 1890ರ ಹೊತ್ತಿಗೆ ಅದು ನೇರವಾಯಿತು. ಆದರೆ ಪುಣೆಯಲ್ಲಿ ಬ್ರಾಡ್‌ಗೇಜ್ ಗಾಡಿಯಿಂದ ಇಳಿದು, ಪೆಟ್ಟಿಗೆ ಹಾಸಿಗೆಗಳನ್ನೆಲ್ಲ ಕೂಲಿಗಳ ತಲೆಗೆ ಹೊರಿಸಿ, ಮೀಟರ್‌ಗೇಜ್ ಗಾಡಿಗೆ ಹತ್ತುವ ಕಿರಿಕಿರಿ ಹೊಸದಾಗಿ ಸೇರಿತು.

ಹಡಗಿಗೂ ರೈಲಿಗೂ ಹೊಂದಿಸುವುದರಲ್ಲಿ ಇನ್ನೊಂದು ತೊಡಕಿತ್ತು: ಗಡಿಯಾರ. ಹತ್ತೊಂಬತ್ತನೆಯ ಶತಮಾನದ ರೈಲುಗಳು ಓಡುತ್ತಿದ್ದುದು ಮದರಾಸಿನ ಕಾಲಮಾನದಲ್ಲಿ. ಹಡಗಿನಿಂದ ಇಳಿದವನು ಕೈಗಡಿಯಾರವನ್ನು ಮುಂಬಯಿಯ ಸ್ಥಳೀಯ ಹೊತ್ತಿಗೆ ತಿರುಗಿಸಿಕೊಂಡಿದ್ದರೆ ನಿಲ್ದಾಣದ ಗಡಿಯಾರಕ್ಕಿಂತ ಅರ್ಧ ಗಂಟೆ ಹಿಂದೆ ಬೀಳುತ್ತಿದ್ದ. ಬ್ರಾಡ್‌ಶಾ ಎಂದೇ ಹೆಸರಾಗಿದ್ದ ವೇಳಾಪಟ್ಟಿಯ ಪುಸ್ತಕ ಕೈಯಲ್ಲಿದ್ದರೂ ಈ ಅರ್ಧ ಗಂಟೆ ನೆನಪಿರದಿದ್ದರೆ ಗಾಡಿ ತಪ್ಪುತ್ತಿತ್ತು. 1906ರ ಜನವರಿ 1ರಿಂದ ಭಾರತೀಯ ಕಾಲಮಾನ ಬಂದು ರೈಲಿನ ಗೊಂದಲ ತೀರಿತು. ಮುಂಬಯಿ ನಗರ ಮಾತ್ರ ತನ್ನ ಹಳೆಯ ಹೊತ್ತನ್ನು 1955ರವರೆಗೂ ಬಿಟ್ಟುಕೊಡಲಿಲ್ಲ. ಇನ್ನು ಹಡಗು ಯಾವ ದಿನ ಬಂದೀತೆಂಬುದಕ್ಕೆ ಗಾಳಿ ಮಳೆಗಳೇ ಸಾಕ್ಷಿ. ಹಾಗಾಗಿ ಬಂದರಿನ ಊರಿನಲ್ಲಿ ಒಂದೆರಡು ರಾತ್ರಿ ತಂಗುವುದು ಪಯಣದ ಲೆಕ್ಕದೊಳಗೇ ಇರುತ್ತಿತ್ತು. ಬೇಕೆಂದೇ ಬಿಡುವ ಈ ಸಮಯದ ರೂಢಿ ವಿಮಾನದ ಕಾಲಕ್ಕೂ ಹಾಗೆಯೇ ಉಳಿದುಬಂದಿದೆ.

ಮೈಸೂರಿನಲ್ಲಿ ರೈಲಿಳಿದವನ ಮುಂದೆ ಇನ್ನೂ ಮಡಿಕೇರಿಯವರೆಗೆ 75 ಮೈಲಿಯಷ್ಟು ದಾರಿ ಉಳಿದಿರುತ್ತಿತ್ತು. ಹುಣಸೂರು, ಪಿರಿಯಾಪಟ್ಟಣ, ಫ್ರೇಜರ್‌ಪೇಟೆ ಎಂಬ ಸರದಿಯಲ್ಲಿ ಎತ್ತಿನ ಗಾಡಿ ರಾತ್ರಿಯೆಲ್ಲ ಸಾಗುತ್ತಿತ್ತು. ಹಗಲಿನ ಬಿಸಿಲಿಗೆ ಬಂಗಲೆಗಳಲ್ಲಿ ವಿಶ್ರಾಂತಿ. ಮುಂಬಯಿಯಿಂದ ಮೈಸೂರಿಗೆ ರೈಲಿನಲ್ಲಿ ಹಿಡಿದಷ್ಟೇ ಹೊತ್ತು ಈ ಕೊನೆಯ ತುಂಡಿಗೂ ಹಿಡಿಯುತ್ತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ. ಕಾವೇರಿಯ ದಡದ ಫ್ರೇಜರ್‌ಪೇಟೆ ಎಂದರೆ ಇಂದಿನ ಕುಶಾಲನಗರ. 1834ರ ಕಾರ್ಯಾಚರಣೆಯ ಕಾಲದ ಕರ್ನಲ್ ಫ್ರೇಜರನ ಹೆಸರು ಅದಕ್ಕೆ ಅಂಟಿತ್ತು. ಟಿಪ್ಪು ಹುಟ್ಟಿದ ಸುದ್ದಿಯನ್ನು ಹೈದರಾಲಿ ಇಲ್ಲಿ ಕೇಳಿ ಕುಶಾಲನಗರವೆಂದು ಹೆಸರಿಟ್ಟನೆಂಬ ಪ್ರತೀತಿ ಜನಪ್ರಿಯವಾದರೂ ಟಿಪ್ಪು ಹುಟ್ಟಿದ ಕಾಲಕ್ಕೂ ಹೈದರನ ಕೊಡಗಿನ ದಂಡಯಾತ್ರೆಗಳ ಕಾಲಕ್ಕೂ ತಾಳೆಯಾಗುವುದಿಲ್ಲ. ದುಬಾರೆಯ ಕಾಡಿಗೆ ಹೋಗುವವರು ಈ ಊರಿನಲ್ಲಿ ಹೆದ್ದಾರಿ ಬಿಟ್ಟು ನಂಜರಾಯಪಟ್ಟಣದ ಕಡೆಗೆ ತಿರುಗಬೇಕು. ಅಂದು ಆ ಕಡೆಗೆ ತಿರುಗುತ್ತಿದ್ದವರಲ್ಲಿ ಪ್ರವಾಸಿಗರಿರಲಿಲ್ಲ. ದುಬಾರೆಯ ಆನೆಗಳು ಮರದ ದಿಮ್ಮಿ ಎಳೆಯುವ ಅರಣ್ಯ ಇಲಾಖೆಯ ಆಳುಗಳಾಗಿದ್ದವು. ಅವುಗಳನ್ನು ನೋಡಲೆಂದೇ ಕಡಲು ದಾಟಿ ಬರುವವರ ಕಾಲ ಇನ್ನೂ ದೂರವಿತ್ತು.

1907ರಲ್ಲಿ ಪಡುವಣ ಕರಾವಳಿಯ ರೈಲು ಮಂಗಳೂರು ಮುಟ್ಟಿತು. ಆಗ ಕೊಡಗು ಎರಡು ಹಳಿಗಳ ನಡುವೆ ಸಿಕ್ಕಿದ ದ್ವೀಪದಂತಾಯಿತು: ಮೂಡಣಕ್ಕೆ ಮೈಸೂರು, ಪಡುವಣಕ್ಕೆ ತಲಶ್ಶೇರಿ, ಕಣ್ಣೂರು, ಮಂಗಳೂರು. ವಿರಾಜಪೇಟೆಯವರಿಗೆ ತಲಶ್ಶೇರಿ ಹತ್ತಿರ, ಸೋಮವಾರಪೇಟೆ, ಕುಶಾಲನಗರದವರಿಗೆ ಮೈಸೂರು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೋಟಾರು ಬಸ್ಸು ಬಂದಾಗ ಎತ್ತಿನ ಗಾಡಿಯ ರಾತ್ರಿಗಳು ಮುಗಿದವು. ಬೆಳಿಗ್ಗೆ ಮೈಸೂರಿನಲ್ಲಿ ರೈಲಿಳಿದವನು ಅದೇ ದಿನ ಮನೆ ಸೇರಬಹುದಾಯಿತು. ಎರಡನೆಯ ಮಹಾಯುದ್ಧದಲ್ಲಿ ಹೊರನಾಡುಗಳ ರಣರಂಗದಿಂದ ರಜೆಗೆ ಬರುವ ಕೊಡವ ಸೈನಿಕರಿಗೂ ಕೊನೆಯ ಹಂತ ಬಸ್ಸೇ. ಎಷ್ಟೇ ದೂರದಿಂದ ಬಂದರೂ ರೈಲಿನ ವಾರಂಟು ಕೊಡಗಿನ ಗಡಿಯ ಆಚೆಗೇ ಮುಗಿಯುತ್ತಿತ್ತು.

ವಿಮಾನ ಮೊದಲು ತಂದದ್ದು ಜನರನ್ನಲ್ಲ, ಕಾಗದವನ್ನು. 1929ರಲ್ಲಿ ಲಂಡನ್–ಕರಾಚಿ ವಿಮಾನ ಅಂಚೆ ಆರಂಭವಾಯಿತು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಅಂಚೆಚೀಲ ಹಾರಿಸಿದರು. ನೆವಿಲ್ ವಿನ್ಸೆಂಟ್ ಅದನ್ನು ಬಳ್ಳಾರಿಯ ಮೂಲಕ ಮದರಾಸಿಗೆ ಒಯ್ದರು. ಪ್ರಯಾಣಿಕರ ಪಾಲಿಗೆ ತಿರುವು ಬಂದದ್ದು 1948ರ ಜೂನ್ 8ರಂದು, ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ ‘ಮಲಬಾರ್ ಪ್ರಿನ್ಸೆಸ್’ ಮುಂಬಯಿಯಿಂದ ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ನಿಗೆ ಹಾರಿದಾಗ. ವಾರಗಳ ಪಯಣ ಎರಡು ದಿನದೊಳಗೆ ಮುಗಿಯಿತು. ಮುಂಬಯಿಯಿಂದ ಈಚೆಗೆ ಮಾತ್ರ ತಾತನ ಕಾಲದ್ದೇ ದಾರಿ. ರೈಲಿನಲ್ಲೇ ಬರುವವನು ವಿಕ್ಟೋರಿಯಾ ಟರ್ಮಿನಸ್‌ನಲ್ಲಿ ಹತ್ತಿ, ನಡುವೆ ಗೇಜು ಬದಲಿಸಿ, ಬೆಂಗಳೂರು ಮುಟ್ಟಿ, ಮತ್ತೆ ಮೈಸೂರಿನ ಗಾಡಿಗೆ ಕಾಯುತ್ತಿದ್ದ. ಲಂಡನ್ನಿನಿಂದ ಮುಂಬಯಿಗೆ ಹಾರುವ ಹೊತ್ತಿಗಿಂತ ಮುಂಬಯಿಯಿಂದ ಕುಶಾಲನಗರಕ್ಕೆ ತಲುಪುವ ಹೊತ್ತೇ ಹೆಚ್ಚಾದ ವಿಚಿತ್ರ, ಜೆಟ್ ವಿಮಾನಗಳು ಬಂದ ಮೇಲೆ ಇನ್ನಷ್ಟು ಎದ್ದು ಕಂಡಿತು. ನಿಲ್ದಾಣಗಳ ರಿಟೈರಿಂಗ್ ರೂಮುಗಳಿಗೆ ಈ ಕಾಲದಲ್ಲಿ ದೊಡ್ಡ ಬೆಲೆ: ವಿಮಾನದ ನಿದ್ದೆಗೇಡಿನ ಮೇಲೆ ರಾತ್ರಿ ರೈಲಿನ ನಿದ್ದೆಗೇಡು ಹೇರಿಕೊಳ್ಳುವ ಮೊದಲು ಸ್ನಾನ ಮಾಡಿ ನಾಲ್ಕು ಗಂಟೆ ಮಲಗಲು ಅಲ್ಲಿ ಜಾಗವಿತ್ತು.

ಬೆಂಗಳೂರಿನ ಎಚ್‌ಎಎಲ್ ನಿಲ್ದಾಣಕ್ಕೆ 1990ರ ದಶಕದ ಕೊನೆಯಿಂದ ಹೊರದೇಶದ ವಿಮಾನಗಳು ಬರತೊಡಗಿದ ಮೇಲೆ ಮುಂಬಯಿಯ ಸುತ್ತು ತಪ್ಪಿತು. ಬೆಂಗಳೂರು–ಮೈಸೂರು ಮಾರ್ಗವೂ ಅದೇ ದಶಕದಲ್ಲಿ ಬ್ರಾಡ್‌ಗೇಜ್ ಆಯಿತು. ಆದರೆ 2008ರ ಮೇ 24ರಂದು ವಿಮಾನಗಳೆಲ್ಲ ದೇವನಹಳ್ಳಿಯ ಕಡೆಗೆ ಸ್ಥಳಾಂತರಗೊಂಡಾಗ ಹೊಸ ಕೊರತೆ ಹುಟ್ಟಿತು. ವಿಮಾನ ಇಳಿಯುವುದು ನಗರದ ಉತ್ತರಕ್ಕೆ, ಮೈಸೂರಿನ ರೈಲು ಹೊರಡುವುದು ನಗರದ ನಡುವಿನಿಂದ, ಮೈಸೂರು ಇರುವುದು ನೈಋತ್ಯಕ್ಕೆ. ನಡುವೆ ಬೆಂಗಳೂರಿನ ದಟ್ಟಣೆಯಲ್ಲಿ 35 ಕಿಲೋಮೀಟರಿಗೂ ಹೆಚ್ಚು ದೂರ. ವಾಯುವಜ್ರ ಬಸ್ಸು ಹಿಡಿದು ಮೆಜೆಸ್ಟಿಕ್‌ಗೆ ಬರಬೇಕು, ಪಕ್ಕದ ರೈಲು ನಿಲ್ದಾಣಕ್ಕೆ ದಾಟಬೇಕು. ನಸುಕಿನಲ್ಲಿ ಇಳಿದವನಿಗೆ ಒಂದು ಗಂಟೆ ಸಾಕಾಗುವ ಈ ದಾರಿ ಸಂಜೆ ಇಳಿದವನಿಗೆ ಎರಡೂವರೆ ಗಂಟೆ ತಿಂದರೂ ಆಶ್ಚರ್ಯವಿಲ್ಲ. 2021ರ ಜನವರಿಯಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ಮಾರ್ಗದಲ್ಲಿ ವಿಮಾನ ನಿಲ್ದಾಣದ ಹೆಸರಿನ ಒಂದು ಹಾಲ್ಟ್ ತೆರೆಯಿತು. ಅಲ್ಲಿ ನಿಲ್ಲುವ ಗಾಡಿಗಳು ಬೆರಳೆಣಿಕೆಯವು, ವಿಮಾನಕ್ಕೆ ಹೊಂದಿಕೊಂಡು ಓಡುವಂಥವಲ್ಲ. 2022ರ ನವೆಂಬರ್ 11ರಂದು ಒಂದೇ ದಿನ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲೂ ಚೆನ್ನೈ–ಮೈಸೂರು ವಂದೇ ಭಾರತ್ ರೈಲೂ ಉದ್ಘಾಟನೆಗೊಂಡವು. ಎರಡನ್ನೂ ನೇರವಾಗಿ ಜೋಡಿಸುವ ಹಳಿ ಮಾತ್ರ ಇರಲಿಲ್ಲ.

ಟಿಕೆಟಿನ ಲೆಕ್ಕವೂ ಬದಲಾಗಿದೆ. ಹಿಂದೆ ಮುಂಗಡ ಕಾಯ್ದಿರಿಸಲು ಊರಿನ ನೆಂಟರು ಕೌಂಟರಿನ ಸಾಲಿನಲ್ಲಿ ನಿಲ್ಲಬೇಕಿತ್ತು. 2002ರ ಆಗಸ್ಟಿನಲ್ಲಿ ಅಂತರ್ಜಾಲದ ಟಿಕೆಟು ಬಂದು ಅದು ತಪ್ಪಿತು. 2024ರ ನವೆಂಬರ್ 1ರಿಂದ ಮುಂಗಡದ ಅವಧಿ 120 ದಿನದಿಂದ 60 ದಿನಕ್ಕೆ ಇಳಿದಿದೆ. ವಿದೇಶಿ ಪ್ರವಾಸಿಗರಿಗೆ ಮಾತ್ರ 365 ದಿನದ ಅವಕಾಶ ಮುಂದುವರಿದಿದೆ. ಕಾಯ್ದಿರಿಸಿದ ಸೀಟು ತಡವಾದ ವಿಮಾನಕ್ಕೆ ಕಾಯುವುದಿಲ್ಲವಾದ್ದರಿಂದ, ಬಲ್ಲವರು ವಿಮಾನ ಇಳಿದ ನಾಲ್ಕೈದು ಗಂಟೆ ಬಿಟ್ಟು ಹೊರಡುವ ಗಾಡಿಯನ್ನೇ ಆರಿಸುತ್ತಾರೆ. ಬೆಂಗಳೂರು–ಮೈಸೂರು ನಡುವೆ ದಿನವಿಡೀ ಗಾಡಿಗಳಿರುವುದರಿಂದ ಒಂದು ತಪ್ಪಿದರೆ ಕಾಯ್ದಿರಿಸದ ಡಬ್ಬಿಯಲ್ಲಿ ಇನ್ನೊಂದನ್ನು ಹಿಡಿಯಬಹುದು. ಚೆನ್ನೈಯಲ್ಲಿ ಇಳಿದವರಿಗೆ ರಾತ್ರಿ ಹೊರಟು ಬೆಳಿಗ್ಗೆ ಮೈಸೂರು ತಲುಪಿಸುವ ಗಾಡಿಯೊಂದಿದೆ. ಅದರ ಹೆಸರು ಕಾವೇರಿ ಎಕ್ಸ್‌ಪ್ರೆಸ್. ದುಬಾರೆಯವನು ಪಯಣದ ಕೊನೆಯಲ್ಲಿ ದಾಟಬೇಕಾದ ಹೊಳೆಯೂ ಅದೇ.

ಪಡುವಣದಲ್ಲಿ ಕಥೆ ಬೇರೆ ತಿರುವು ಪಡೆಯಿತು. ಮಂಗಳೂರಿನ ಬಜ್ಪೆಯಿಂದ 2006ರಲ್ಲಿ ದುಬೈಗೆ ನೇರ ವಿಮಾನ ಹಾರಿತು. 2018ರ ಡಿಸೆಂಬರ್ 9ರಂದು ಕಣ್ಣೂರಿನ ಮಟ್ಟನ್ನೂರಿನಲ್ಲಿ ಹೊಸ ವಿಮಾನ ನಿಲ್ದಾಣ ತೆರೆಯಿತು. ಕೊಲ್ಲಿ ನಾಡುಗಳಿಂದ ಬರುವ ವಿರಾಜಪೇಟೆಯವರು ಈಗ ಮಾಕುಟ್ಟದ ಘಾಟಿ ಹತ್ತಿ ನೇರ ಮನೆ ಸೇರುತ್ತಾರೆ; ಅವರ ಲೆಕ್ಕದಿಂದ ರೈಲು ಪೂರ್ತಿ ಬಿದ್ದುಹೋಗಿದೆ. ಹಾಗೆಂದು ಮುಂಗಾರಿನ ಹಳೆಯ ಅಡ್ಡಿ ಹೋಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಡಿಕೇರಿ–ಸಂಪಾಜೆ ರಸ್ತೆ ಕಡಿದುಹೋಯಿತು. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಘಾಟಿಯ ರೈಲು ಹಳಿಯ ಮೇಲೂ ಅದೇ ಮಳೆಗಾಲದಲ್ಲಿ ಮಣ್ಣು ಜಾರಿ ಬಿತ್ತು. ಹತ್ತೊಂಬತ್ತನೆಯ ಶತಮಾನದಂತೆಯೇ ಮೈಸೂರಿನ ದಾರಿಯೊಂದೇ ಭರವಸೆಯದ್ದಾಯಿತು.

ಮೈಸೂರಿನಿಂದ ಹಳಿಯನ್ನು ಮುಂದಕ್ಕೆ ಎಳೆಯುವ ಮಾತು ಬಹಳ ಕಾಲದ್ದು. ತಲಶ್ಶೇರಿಗೆ ಕೊಡಗನ್ನು ಹಾಯ್ದು ಹೋಗುವ ಮಾರ್ಗದ ಪ್ರಸ್ತಾಪ ಎದ್ದಾಗಲೆಲ್ಲ ಕಾಡಿಗೆ ಹೊಡೆತವೆಂಬ ವಿರೋಧ ಕೊಡಗಿನಿಂದಲೇ ಬಂದಿದೆ. ಹುಣಸೂರು, ಪಿರಿಯಾಪಟ್ಟಣದ ಮೂಲಕ ಕುಶಾಲನಗರಕ್ಕೆ ಬರುವ ಸುಮಾರು 87 ಕಿಲೋಮೀಟರಿನ ಮಾರ್ಗದ್ದು ಬೇರೆ ಮಾತು. ಅದು ಬಹುಮಟ್ಟಿಗೆ ಬಯಲು ಸೀಮೆಯಲ್ಲೇ ಸಾಗಿ ಕೊಡಗಿನ ಹೊಸ್ತಿಲಲ್ಲಿ ನಿಲ್ಲುವಂಥದ್ದು. ಎತ್ತಿನ ಗಾಡಿಗಳ ಕಾಲದ ಸರದಿಯನ್ನೇ ಅದು ಹಿಡಿದಿದೆ.

ಸದ್ಯಕ್ಕೆ ಮೈಸೂರಿನಲ್ಲಿ ಇಳಿದವನು ಮಡಿಕೇರಿಯ ಬಸ್ಸಿನಲ್ಲಿ ಕುಶಾಲನಗರಕ್ಕೆ ಬಂದು, ಅಲ್ಲಿಂದ 15 ಕಿಲೋಮೀಟರಿನಷ್ಟು ದೂರದ ದುಬಾರೆಗೆ ಇನ್ನೊಂದು ವಾಹನ ಹಿಡಿಯಬೇಕು. ದಿಮ್ಮಿ ಎಳೆಯುವ ಕೆಲಸ ಕಡಿಮೆಯಾದ ಮೇಲೆ ಅಲ್ಲಿನ ಆನೆಗಳು ಮೈಸೂರು ದಸರೆಗೂ ಪ್ರವಾಸಿಗರಿಗೂ ಹೆಸರಾದವು. ಆನೆಗಳಿಗೆ ಹೊಳೆಯಲ್ಲಿ ಸ್ನಾನ ಮಾಡಿಸುವುದು, ತಿನ್ನಿಸುವುದು ಮುಖ್ಯವಾಗಿ ಬೆಳಗಿನ ಕೆಲಸ. ನಸುಕಿನಲ್ಲಿ ಬೆಂಗಳೂರಿನಲ್ಲಿ ವಿಮಾನ ಇಳಿದು, ಬೆಳಗಿನ ರೈಲು ಹಿಡಿದು, ಮಧ್ಯಾಹ್ನ ಕಳೆದು ದುಬಾರೆ ಮುಟ್ಟಿದವನು ಅದನ್ನು ನೋಡುವುದಿಲ್ಲ. ಆದ್ದರಿಂದ ಮೈಸೂರಿನಲ್ಲೋ ಕುಶಾಲನಗರದಲ್ಲೋ ಒಂದು ರಾತ್ರಿ ತಂಗಿ ಮರುದಿನ ಬೆಳಿಗ್ಗೆ ಹೊರಡುವುದು ವಾಡಿಕೆ. ಕೊನೆಗೆ ಶಿಬಿರವಿರುವುದು ಹೊಳೆಯ ಆಚೆ ದಡದಲ್ಲಿ. ಬೇಸಿಗೆಯಲ್ಲಿ ನೀರು ಇಳಿದಾಗ ಬಂಡೆಗಳ ಮೇಲೆ ಕಾಲಿಟ್ಟು ದಾಟುತ್ತಾರೆ, ಉಳಿದಂತೆ ಮೋಟಾರು ದೋಣಿ. ಮಳೆಗಾಲದಲ್ಲಿ ಕಾವೇರಿ ಕೆಂಪಾಗಿ ಉಕ್ಕಿದರೆ ದೋಣಿಯನ್ನು ದಡಕ್ಕೆ ಎಳೆದು ಕಟ್ಟಿಬಿಡುತ್ತಾರೆ. ನೀರು ಇಳಿಯುವವರೆಗೆ ಬಂದವರು ಈಚೆ ದಡದಲ್ಲೇ ಉಳಿಯುತ್ತಾರೆ.